ಮುಳ್ಳಿಟ್ಟು ಹಾಡು ಕೇಳುವ ಹವ್ಯಾಸ

ಹವ್ಯಾಸಗಳಲ್ಲಿ ನಾನಾ ಬಗೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ನಾಣ್ಯ ಕೂಡಿಡುತ್ತಾರೆ, ನಮ್ಮ ಶಾಲೆಯ ಮಕ್ಕಳಲ್ಲಿ ಪೋಕೆಮಾನ್ ಕಾರ್ಡು ಕೂಡಿಡುವವರೇ ಹೆಚ್ಚು. ನನ್ನದು ಹಾಡಿನ ತಟ್ಟೆಗಳನ್ನು ಕೂಡಿಡುವ ಹವ್ಯಾಸ. ನಮ್ಮ ತಾತ ಇವನ್ನು ‘ಪ್ಲೇಟು’ ಎನ್ನುತ್ತಿದ್ದರು, ಅಪ್ಪನ ಕಾಲಕ್ಕೆ ‘ರೆಕಾರ್ಡು’ ಆಯಿತು, ಈಗ ಶಿಕಾಗೋದ ಅಂಗಡಿಗಳಲ್ಲಿ ‘ವೈನಿಲ್’ ಎಂದು ಕೇಳಿದರೆ ಮಾತ್ರ ಕೊಡುತ್ತಾರೆ. ಅಂಚೆಚೀಟಿಯಾದರೆ ಒಂದು ಆಲ್ಬಮ್ಮಿನೊಳಗೆ ಮುಗಿಯುತ್ತದೆ. ನೂರು ಎಲ್‌ಪಿ ಎಂದರೆ ಹತ್ತಿರ ಹತ್ತಿರ ಒಂದೂವರೆ ಅಡಿ ಕಪಾಟು, ಸುಮಾರು ಐವತ್ತು ಪೌಂಡು ತೂಕ. “ಇನ್ನೊಂದು ಪೆಟ್ಟಿಗೆ ಬಂದರೆ ನಾನು ಗ್ಯಾರೇಜಿನಲ್ಲಿ ಮಲಗಬೇಕಾಗುತ್ತೆ” ಎನ್ನುತ್ತಾರೆ ನಮ್ಮ ಯಜಮಾನರು. ಹಾಗೆನ್ನುತ್ತಲೇ ಪೆಟ್ಟಿಗೆಗಳನ್ನು ಮಹಡಿಗೆ ಹೊತ್ತು ತರುವವರೂ ಅವರೇ.

ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಟೀಚರ್, ಎಲ್ಲಾ ಹಾಡೂ ಫೋನಿನಲ್ಲೇ ಇದೆಯಲ್ಲ, ಇದು ಯಾಕೆ?” ನ್ಯಾಯವಾದ ಪ್ರಶ್ನೆ. ತಟ್ಟೆಯ ನಾದವೇ ಶ್ರೇಷ್ಠ, ಉಳಿದದ್ದೆಲ್ಲ ಕನಿಷ್ಠ ಎಂದು ವಾದ ಮಾಡುವ ಸಂಗ್ರಾಹಕರಿದ್ದಾರೆ. ನಾನು ಆ ಗುಂಪಿಗೆ ಸೇರಿದವಳಲ್ಲ. ಚೆನ್ನಾಗಿ ಮಾಡಿದ ಸಿಡಿ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ತಟ್ಟೆ ಹಾಕಿದಾಗ ನಾನು ಕೂತು ಕೇಳುತ್ತೇನೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗುಚಿ ಹಾಕಲೇಬೇಕು, ಆದ್ದರಿಂದ ಪಾತ್ರೆ ತೊಳೆಯುತ್ತ, ಇಮೇಲ್ ನೋಡುತ್ತ ಕೇಳಲಾಗುವುದಿಲ್ಲ. ಇನ್ನೊಂದು ಕಾರಣ ಹೊದಿಕೆಯ ಹಿಂಬದಿ. ಹಾಡು ಬರೆದವರು ಯಾರು, ಸಂಗೀತ ಯಾರದು, ಹಾಡಿದವರು ಯಾರು ಎಂಬುದೆಲ್ಲ ಅಲ್ಲಿ ಅಚ್ಚಾಗಿರುತ್ತದೆ. ಫೋನಿನಲ್ಲಿ ಸಾಹಿತ್ಯ ಬರೆದವರ ಹೆಸರು ಹುಡುಕಿ ನೋಡಿ, ಆಮೇಲೆ ನನಗೆ ಹೇಳಿ!

ಮಕ್ಕಳಿಗೆ ನಾನೂ ಒಂದು ಪ್ರಶ್ನೆ ಹಾಕುತ್ತೇನೆ. ತಟ್ಟೆಯ ಒಂದು ಬದಿಯಲ್ಲಿ ಎಷ್ಟು ಗೆರೆಗಳಿವೆ? ಕೆಲವರು ಐನೂರು ಎನ್ನುತ್ತಾರೆ, ಕೆಲವರು ಸಾವಿರ ಎನ್ನುತ್ತಾರೆ. ಉತ್ತರ: ಒಂದೇ. ಜಿಲೇಬಿಯ ಹಾಗೆ ಹೊರಗಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಒಂದೇ ಗೆರೆ. ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತಿನಂತೆ ಇಪ್ಪತ್ತೆರಡು ನಿಮಿಷ ತಿರುಗುವ ಎಲ್‌ಪಿಯ ಗೆರೆಯನ್ನು ಬಿಚ್ಚಿ ನೇರವಾಗಿ ಹಾಸಿದರೆ ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದವಾಗುತ್ತದೆ. ಲೆಕ್ಕದಲ್ಲಿ ಆಸಕ್ತಿ ಇರುವವರು ಮಾಡಿ ನೋಡಬಹುದು. ಆ ಗೆರೆಯ ಎರಡು ಗೋಡೆಗಳಲ್ಲಿರುವ ಸಣ್ಣ ಅಂಕುಡೊಂಕೇ ಹಾಡು. ಮುಳ್ಳು ಅದರೊಳಗೆ ಅಲುಗಾಡುತ್ತ ಸಾಗುತ್ತದೆ, ಆ ಅಲುಗಾಟವೇ ವಿದ್ಯುತ್ತಾಗಿ, ಸ್ಪೀಕರಿನಲ್ಲಿ ಮತ್ತೆ ದನಿಯಾಗುತ್ತದೆ. ಸ್ಟೀರಿಯೋ ತಟ್ಟೆಯಲ್ಲಿ ಒಂದು ಗೋಡೆ ಎಡಕ್ಕೆ, ಇನ್ನೊಂದು ಬಲಕ್ಕೆ.

ಈ ಹುಚ್ಚು ನನಗೆ ಹತ್ತಿದ್ದು ಇಲ್ಲಿಗೆ ಬಂದ ಮೇಲೆ. ಮೈಸೂರಿನಲ್ಲಿ ಬಿಎಡ್ ಓದುವಾಗ ನನ್ನ ಬಳಿ ಇದ್ದದ್ದು ಎಂಪಿ3 ಸಿಡಿಗಳು. ನನ್ನ ತಂಗಿ ಇರುವುದು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನಲ್ಲಿ. ವರ್ಷಕ್ಕೆ ನಾಲ್ಕೈದು ಸಲವಾದರೂ ಐ-94ರಲ್ಲಿ ನಮ್ಮ ಓಡಾಟ ಇದ್ದೇ ಇರುತ್ತದೆ. ಹಾಗೆ ಹೋದ ಒಂದು ಸಲ, ಅವಳ ಪರಿಚಯದ ಹಿರಿಯರೊಬ್ಬರು ಮನೆ ಖಾಲಿ ಮಾಡುತ್ತಿದ್ದಾರೆ, ಕನ್ನಡದ ಪುಸ್ತಕಗಳಿವೆಯಂತೆ, ಶಾಲೆಗೆ ಬೇಕಾದರೆ ನೋಡು ಎಂದಳು. ಹೋದೆವು.

ಅವರು ಎಲೆಕ್ಟ್ರಿಕಲ್ ಎಂಜಿನಿಯರು. 1970ರ ದಶಕದಲ್ಲಿ ಬಂದು, ಕಾರು ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಪತ್ನಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಟೆಕ್ಸಸ್‌ಗೆ ಕರೆದುಕೊಂಡು ಹೋಗುವವನಿದ್ದ. ಪುಸ್ತಕಗಳ ಪಕ್ಕದಲ್ಲೇ ಎರಡು ರಟ್ಟಿನ ಪೆಟ್ಟಿಗೆ ತಟ್ಟೆಗಳಿದ್ದವು. “ಇದನ್ನು ಯಾರೂ ಕೇಳಲ್ಲಮ್ಮ. ನಾಳೆ ಟ್ರಕ್ ಬರುತ್ತೆ, ಅದಕ್ಕೆ ಹಾಕೋದು” ಎಂದರು. ಟ್ರಕ್ ಎಂದರೆ ಕಸದ ಟ್ರಕ್.

ಪೆಟ್ಟಿಗೆ ತೆಗೆದು ನೋಡಿದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆ. ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಸಿನಿಮಾ ಹಾಡಿನ ಇಪಿಗಳು: 1972ರ ‘ಬಂಗಾರದ ಮನುಷ್ಯ’, ಅದೇ ವರ್ಷದ ‘ನಾಗರಹಾವು’, 1973ರ ‘ಗಂಧದ ಗುಡಿ’. ಇವುಗಳಲ್ಲಿ ರಾಜ್‌ಕುಮಾರ್ ಚಿತ್ರಗಳ ತಟ್ಟೆಗಳಲ್ಲಿ ಅವರಿಗೆ ಹಾಡಿರುವವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ರಾಜ್ ತಮ್ಮ ಹಾಡುಗಳನ್ನು ಬಹುಪಾಲು ತಾವೇ ಹಾಡತೊಡಗಿದರು. ಈ ಇಪಿಗಳನ್ನು ವರ್ಷದ ಪ್ರಕಾರ ಜೋಡಿಸಿಟ್ಟರೆ ಹೆಸರು ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಪ್ರತಿ ಹೊದಿಕೆಯ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ದುಂಡಾದ ಕನ್ನಡದಲ್ಲಿ ಬರೆದಿತ್ತು: ಕೊಂಡ ಊರು, ತಿಂಗಳು, ಬೆಲೆ. ಆ ಅಮ್ಮನವರ ಕೈಬರಹ. ಒಂದರ ಮೇಲೆ ಬೆಲೆಯ ಜಾಗದಲ್ಲಿ ‘ಅಣ್ಣ ಕೊಡಿಸಿದ್ದು’ ಎಂದಿತ್ತು.

ಆ ದಿನ ಹಿರಿಯರು ಒಂದು ಕಥೆ ಹೇಳಿದರು. ಮೊದಲ ಸಲ ಊರಿಗೆ ಹೋಗಿ ಬರುವಾಗ ಹೆಂಡತಿ ಪಟ್ಟು ಹಿಡಿದು ತಮ್ಮ ರೆಕಾರ್ಡ್ ಪ್ಲೇಯರನ್ನೂ ಹೊತ್ತು ತಂದರಂತೆ. ಇಲ್ಲಿ ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜು ಸರಿ ಮಾಡಿದರೂ ಹಾಡು ಓಡತೊಡಗಿತು, ಪಿ.ಬಿ. ಶ್ರೀನಿವಾಸ್ ಚಿಕ್ಕ ಹುಡುಗನ ಹಾಗೆ ಕೇಳಿಸಿದರು. ಕಾರಣ, ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತ, ಇಲ್ಲಿಯದು 60. ಅದನ್ನೇ ನಂಬಿ ತಿರುಗುವ ಮೋಟಾರು ಇಲ್ಲಿ ಶೇಕಡ 20ರಷ್ಟು ಜೋರಾಗಿ ತಿರುಗುತ್ತದೆ. ಹೆಂಡತಿ ಅತ್ತುಬಿಟ್ಟರಂತೆ. ಇವರು ಮೋಟಾರಿನ ತುದಿಯ ಪುಟ್ಟ ರಾಟೆಯನ್ನು ಬಿಚ್ಚಿ, ಪರಿಚಯದವರ ಲೇತ್ ಯಂತ್ರದಲ್ಲಿ ತರೆದು, ಅದರ ದಪ್ಪವನ್ನು ಆರರಲ್ಲಿ ಐದು ಪಾಲಿಗೆ ಇಳಿಸಿ ಮತ್ತೆ ಕೂರಿಸಿದರು. ಹಾಡು ತನ್ನ ಶ್ರುತಿಗೆ ಬಂತು. “ನಲವತ್ತು ವರ್ಷ ಕೆಲಸ ಮಾಡಿದೆ ನೋಡಮ್ಮ, ಮನೆಯಲ್ಲಿ ನನಗೆ ಎಂಜಿನಿಯರ್ ಅಂತ ಮರ್ಯಾದೆ ಸಿಕ್ಕಿದ್ದು ಅವತ್ತು ಒಂದೇ ದಿನ” ಎಂದು ನಕ್ಕರು. ನಕ್ಕ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಪೆಟ್ಟಿಗೆಗಳನ್ನು ನನಗೇ ಕೊಟ್ಟರು. ಒಂದೇ ಷರತ್ತು: ಒಳಗಿಟ್ಟು ಬೀಗ ಹಾಕಬಾರದು, ಕೇಳಬೇಕು. ಈಗ ಭಾನುವಾರ ಸಂಜೆ ಅವರಿಗೆ ಫೋನ್ ಮಾಡಿ, ಸ್ಪೀಕರಿನ ಎದುರು ಇಟ್ಟು ಒಂದು ತಟ್ಟೆ ಹಾಕುತ್ತೇನೆ. ‘ಬಂಗಾರದ ಮನುಷ್ಯ’ದ ಇಪಿಯಲ್ಲಿ ಒಂದು ಕಡೆ ಗೀರಿದೆ, ಮುಳ್ಳು ಎರಡು ಪದ ಹಾರಿಬಿಡುತ್ತದೆ. ಅಮೆರಿಕದ ಒಬ್ಬ ಸಂಗ್ರಾಹಕ ಮಿತ್ರರು ಅದೇ ಹಾಡಿನ ಗೀರಿಲ್ಲದ ಪ್ರತಿ ಹುಡುಕಿ ಕೊಡುತ್ತೇನೆಂದರು. ಹಿರಿಯರು ಬೇಡವೆಂದರು. ಆ ಗೀರು ಬಿದ್ದದ್ದು ಮಗ ಅಂಬೆಗಾಲಿಡುತ್ತಿದ್ದಾಗ, ಅವನೇ ಎಳೆದದ್ದು.

ತಟ್ಟೆಗಳು ಕೈಗೆ ಬಂದ ಮೇಲೆ ಅವುಗಳ ಚರಿತ್ರೆ ಓದತೊಡಗಿದೆ. ಮೈಸೂರಿಗೂ ಇವುಗಳಿಗೂ ಇಷ್ಟು ನಂಟಿದೆ ಎಂದು ತಿಳಿದಾಗ ಬೆರಗಾಯಿತು. ಭಾರತದಲ್ಲಿ ಗ್ರಾಮಫೋನ್ ಕಂಪನಿಯವರು ಧ್ವನಿಮುದ್ರಣ ಶುರುಮಾಡಿದ್ದು 1902ರಲ್ಲಿ, ಕಲ್ಕತ್ತದಲ್ಲಿ. ಅಂದು ಹಾಡಿ ಮನೆಮಾತಾದವರು ಗೌಹರ್ ಜಾನ್. ಆಗ ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಎಂದು ಅಲ್ಲಿನವರಿಗೆ ತಿಳಿಯಲೆಂದು ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಾರೆ. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಾಲದ ತಟ್ಟೆ ಅರಗಿನದು. ಹೌದು, ಪಾಂಡವರ ಅರಗಿನ ಮನೆಯ ಅದೇ ಅರಗು! ಕೈಜಾರಿದರೆ ಚೂರು. ಒಂದು ಬದಿಗೆ ಮೂರು, ಮೂರೂವರೆ ನಿಮಿಷ ಮಾತ್ರ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರೊಳಗೆ ಅಡಕಮಾಡುವುದು ಬೇರೆಯೇ ಒಂದು ವಿದ್ಯೆ.

ಆಮೇಲಿನ ಮಹಾರಾಜರು ಜಯಚಾಮರಾಜ ಒಡೆಯರ್ ಸ್ವತಃ ದೊಡ್ಡ ಸಂಗ್ರಾಹಕರು. ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಇವರ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ಸಾವಿರಾರು ತಟ್ಟೆಗಳಿದ್ದವು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರರು ಲಂಡನ್ನಿನಲ್ಲಿ ಮುಪ್ಪು, ಕಾಯಿಲೆಗಳಲ್ಲಿ ಮರೆತುಹೋದಂತಿದ್ದಾಗ, ಅವರ ಸಂಗೀತವನ್ನು ಅವರಿಂದಲೇ ನುಡಿಸಿ ಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಈ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡ ಆ ಕಲಾವಿದರು ತಮ್ಮ ಕಾಂಚೆರ್ಟೊಗಳನ್ನು ನುಡಿಸಿದ್ದನ್ನು ಇಂದು ಕೇಳುವವರೆಲ್ಲ ಮೈಸೂರಿನ ಋಣದಲ್ಲಿದ್ದಾರೆ. ಈ ವಿಷಯ ಹೇಳಿದ ಮೇಲೆ ನಮ್ಮ ಪಿಯಾನೋ ಕಲಿಯುವ ವಿದ್ಯಾರ್ಥಿನಿಯೊಬ್ಬಳು ದಸರಾ ಪ್ರಬಂಧದಲ್ಲಿ ಆನೆಯನ್ನು ಬಿಟ್ಟು ಮೆಟ್ನರ್ ಬಗ್ಗೆ ಬರೆದಳು.

ಉತ್ತರ ಕರ್ನಾಟಕದವರು ಮುನಿಸಿಕೊಳ್ಳಬಾರದು, ದೊಡ್ಡ ಕಥೆ ಅಲ್ಲಿಯದೇ. ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿದ ಹುಡುಗನೊಬ್ಬ, ಹಾಗೆ ಹಾಡಲೇಬೇಕೆಂದು 1933ರಲ್ಲಿ ಹನ್ನೊಂದು ವರ್ಷಕ್ಕೇ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟ. ಅವರೇ ಮುಂದೆ ಭಾರತರತ್ನರಾದ ಭೀಮಸೇನ ಜೋಶಿ. (ಮಕ್ಕಳೇ, ಈ ಕಥೆಯಲ್ಲಿ ಸಂಗೀತವನ್ನು ಅನುಕರಿಸಿ, ಮನೆ ಬಿಡುವುದನ್ನಲ್ಲ.)

ನಾವಿರುವ ಊರುಗಳೂ ಈ ವಿಷಯದಲ್ಲಿ ಕಡಿಮೆಯಲ್ಲ. ಶಿಕಾಗೋದಲ್ಲಿ 1925ರಲ್ಲಿ ಹುಟ್ಟಿದ ಶೂರ್ ಕಂಪನಿಯ ಮುಳ್ಳುಗಳು ದಶಕಗಳ ಕಾಲ ಪ್ರಪಂಚದ ಮೂಲೆಮೂಲೆಗೂ ಹೋದವು. 2018ರಲ್ಲಿ ಅವರು ಮುಳ್ಳಿನ ತಯಾರಿಕೆ ನಿಲ್ಲಿಸಿದರು, ಅದಕ್ಕೇ ನನ್ನದೊಂದನ್ನು ಜೋಪಾನ ಮಾಡಿದ್ದೇನೆ. ಡೆಟ್ರಾಯಿಟ್ಟಿನಲ್ಲಂತೂ ತಟ್ಟೆ ಅಚ್ಚು ಹಾಕುವ ಕೆಲಸ ಈಗಲೂ ನಡೆಯುತ್ತಿದೆ. ಆರ್ಚರ್ ಕುಟುಂಬದ ಕಾರ್ಖಾನೆ 1965ರಿಂದ ಇದೆ. 2017ರಲ್ಲಿ ಥರ್ಡ್ ಮ್ಯಾನ್ ಕಂಪನಿಯವರು ತಮ್ಮ ಅಂಗಡಿಯ ಹಿಂದೆಯೇ ಯಂತ್ರಗಳನ್ನಿಟ್ಟು, ನಡುವೆ ದೊಡ್ಡ ಗಾಜು ಹಾಕಿದರು. ನಿಂತು ನೋಡಬಹುದು. ಕಾದ ಪ್ಲಾಸ್ಟಿಕ್ಕಿನ ಮುದ್ದೆಯನ್ನು ಹೋಳಿಗೆಯ ಉಂಡೆಯಂತೆ ನಡುವೆ ಇಟ್ಟು, ಮೇಲೊಂದು ಕೆಳಗೊಂದು ಲೇಬಲ್ ಇಟ್ಟು ಒತ್ತುತ್ತಾರೆ. ಲೇಬಲ್ಲಿಗೆ ಅಂಟು ಇಲ್ಲ, ಬಿಸಿಗೇ ಹಿಡಿದುಕೊಳ್ಳುತ್ತದೆ. 2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ಹೆಚ್ಚು ತಟ್ಟೆಗಳು ಮಾರಾಟವಾದವು, 1987ರ ನಂತರ ಹಾಗಾದದ್ದು ಅದೇ ಮೊದಲು.

ಆದರೆ ಹೊಸದಾಗಿ ಅಚ್ಚಾಗುತ್ತಿರುವ ರಾಶಿಯಲ್ಲಿ ಕನ್ನಡ ನನ್ನ ಕಣ್ಣಿಗೆ ಬಿದ್ದಿಲ್ಲ. ಕನ್ನಡದ ತಟ್ಟೆ ಬೇಕೆಂದರೆ ನಮ್ಮ ಹಿರಿಯರ ನೆಲಮಾಳಿಗೆಗಳಲ್ಲೇ ಹುಡುಕಬೇಕು. ಮೊದಲ ತಲೆಮಾರಿನವರು ಈಗ ಒಬ್ಬೊಬ್ಬರಾಗಿ ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ, ಮಕ್ಕಳ ಮನೆಗೆ ಹೋಗುತ್ತಿದ್ದಾರೆ. ಅವರ ಮನೆ ಖಾಲಿ ಮಾಡುವ ಮಕ್ಕಳಿಗೆ ಲಿಪಿ ಓದಲು ಬಾರದು, ಕೈಯಲ್ಲಿರುವುದು ಏನೆಂದೇ ತಿಳಿಯದು. ಅವರನ್ನು ದೂರುತ್ತಿಲ್ಲ. ಓದಲು ಕಲಿಸಬೇಕಾದ ನಾವು ಇಲ್ಲಿ ಭಾನುವಾರಕ್ಕೆ ಎರಡು ಗಂಟೆ ಮಾತ್ರ ಸಿಗುತ್ತೇವೆ. ಪೋಷಕರಲ್ಲಿ ನನ್ನ ವಿನಂತಿ: ನಿಮ್ಮ ಪರಿಚಯದಲ್ಲಿ ಅಂಥ ಪೆಟ್ಟಿಗೆ ಇದ್ದರೆ ಎಸೆಯುವ ಮೊದಲು ಶಾಲೆಗೆ ಒಂದು ಮಾತು ತಿಳಿಸಿ. ಅಲ್ಲಿಯವರೆಗೆ ಅಡ್ಡ ಮಲಗಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಹಪ್ಪಳವಾಗುತ್ತದೆ. ಅರಗಿನ ಹಳೆಯ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗಿ ಹೋಗುತ್ತದೆ. ಅದಕ್ಕೆ ದಪ್ಪ ಮುಳ್ಳು ಬೇರೆಯೇ ಬೇಕು.

ತರಗತಿಗೆ ನಾನು ತಟ್ಟೆ ತರುವುದು ‘ಲ’ ಮತ್ತು ‘ಳ’ ಕಲಿಸಲು. ನಾನು ನೂರು ಸಲ ಹೇಳಿದರೂ ಏಳದ ನಾಲಿಗೆ ಪಿ.ಬಿ. ಶ್ರೀನಿವಾಸರ ಜೊತೆ ಹಾಡಿದಾಗ ತಾನಾಗಿ ಮಡಚಿಕೊಳ್ಳುತ್ತದೆ. 1977ರಲ್ಲಿ ವಾಯೇಜರ್ ನೌಕೆಗಳೊಂದಿಗೆ ಆಕಾಶಕ್ಕೆ ಹೋದ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅದರಲ್ಲಿ ಕನ್ನಡವೂ ಒಂದು. ಅದನ್ನು ಕೇಳಿಸಿದ ದಿನ ಮೂರನೇ ತರಗತಿಯ ಹುಡುಗನೊಬ್ಬ, “ಹಾಗಾದರೆ ಏಲಿಯನ್ನರಿಗೆ ನಮಗಿಂತ ಚೆನ್ನಾಗಿ ಕನ್ನಡ ಬರುತ್ತಾ?” ಎಂದ.

ಅದೇ ಹುಡುಗ ಕಳೆದ ರಾಜ್ಯೋತ್ಸವಕ್ಕೆ ‘ಬಂಗಾರದ ಮನುಷ್ಯ’ದ ಹಾಡು ಕಲಿತ. ಅವನು ಕಲಿತದ್ದು ನನ್ನ ಬಳಿಯ ಇಪಿಯಿಂದ. ವೇದಿಕೆಯ ಮೇಲೆ ಆ ಜಾಗ ಬಂದಾಗ ತಾಳ ತಪ್ಪದ ಹಾಗೆ ಎರಡು ಪದ ಹಾರಿ ಮುಂದಕ್ಕೆ ಹೋದ. ಸಭೆಯಲ್ಲಿ ಯಾರೂ ಗಮನಿಸಲಿಲ್ಲ. ಟೆಕ್ಸಸ್‌ನಿಂದ ವಿಡಿಯೋದಲ್ಲಿ ನೋಡುತ್ತಿದ್ದ ಹಿರಿಯರು ಮಾತ್ರ ನಗಲು ಶುರುಮಾಡಿದವರು ಹಾಡು ಮುಗಿಯುವವರೆಗೂ ನಿಲ್ಲಿಸಲಿಲ್ಲ.