ಮೂರು ಊರು, ಒಂದು ಬಾಗಿಲು

ಬೆಂಗಳೂರಿನಿಂದ ಶಿವಮೊಗ್ಗದ ರೈಲು ಹತ್ತಿದವರು ಕಡೂರು ಬರುವ ಹೊತ್ತಿಗೆ ಕಿಟಕಿಯ ಪಕ್ಕ ಕೂರಬೇಕು. ಕಡೂರಿನಲ್ಲಿ ಒಣ ಬಯಲು, ತೆಂಗಿನ ತೋಟ. ಮುಂದಿನ ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಅಡಿಕೆ ತೋಟಗಳತ್ತ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯತ್ತ. ಮೂರೂ ಚಿಕ್ಕಮಗಳೂರು ಜಿಲ್ಲೆಯ ಊರುಗಳೇ. ಗಾಳಿಯ ತೇವ ಮಾತ್ರ ಬೇರೆ ಬೇರೆ.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ನಾನು ಈ ಮೂರೂ ಊರು ಸುತ್ತಿದೆ. ಅಜ್ಜಂಪುರದಲ್ಲಿ ತಂಗಿಯ ಮನೆಗೆ ನಮ್ಮ ಅಪ್ಪ ಹಾಕಿಸಿದ ತೇಗದ ಜೋಡಿ ಬಾಗಿಲಿದೆ. ಅದರಲ್ಲಿ ಸಂದು ಬಿಟ್ಟಿದೆ, ತೆಗೆಸಿ ರೆಡಿಮೇಡ್ ಬಾಗಿಲು ಹಾಕಿಸೋಣ ಎಂದು ಅವಳ ಮಗನ ಹಟ. ಹಳೇ ಮರ ಕೊಳ್ಳುವವರು ಬಂದು ಬೆಲೆಯನ್ನೂ ಹೇಳಿ ಹೋಗಿದ್ದರು. "ಅಣ್ಣಾ, ಒಂದ್ಸಲ ಬಂದು ನೋಡೋ" ಎಂದು ತಂಗಿ ಫೋನು ಮಾಡಿದ್ದಳು.

ಕಡೂರಿನಲ್ಲಿ ಪರಿಚಯದ ಬಡಗಿಯೊಬ್ಬರ ಕೆಲಸದ ಮನೆಗೆ ಹೋದೆವು. ಅವರು ತೇಗದ ಹೊಟ್ಟನ್ನು ಜರಡಿ ಹಿಡಿದು, ಫೆವಿಕಾಲ್‌ನಲ್ಲಿ ಕಲಸಿ, ಕಪಾಟಿನ ಸಂದಿಗೆ ಚಾಕುವಿನಿಂದ ಒತ್ತಿದರು. ಮೇಲೆ ಸ್ವಲ್ಪ ಉಬ್ಬಿರುವಂತೆ ಬಿಟ್ಟರು.

"ಯಾಕೆ ಜಾಸ್ತಿ ಹಾಕಿದ್ರಿ?" ಎಂದಳು ಮೊಮ್ಮಗಳು.

"ಒಣಗಿದಾಗ ಕುಗ್ಗುತ್ತೆ ಪುಟ್ಟಿ. ನಾಳೆ ಉಪ್ಪುಕಾಗದ ಹಾಕಿ, ಮರದ ಎಳೆ ಇರೋ ಕಡೆಗೇ ಉಜ್ಜಿದ್ರೆ ಸಮ ಆಗುತ್ತೆ."

ಬಣ್ಣ ಬಳಿಯುವ ಮರಕ್ಕೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ ಕಲಸಿದ ಪುಟ್ಟಿಯೂ ಆದೀತು. ಪಾಲಿಷ್ ಮಾಡುವ ಮರಕ್ಕಾದರೆ ಅದೇ ಜಾತಿಯ ಮರದ ಹೊಟ್ಟು ಬೇಕು. ಅಂಟು ಮೆತ್ತಿದ ಕಡೆ ಪಾಲಿಷ್ ಹೀರುವುದಿಲ್ಲ, ಕಲೆ ಉಳಿಯುತ್ತದೆ.

ತರೀಕೆರೆ ಮಲೆನಾಡಿನ ಹೊಸ್ತಿಲು. ಹಿಂದೆ ನರಸಿಂಹರಾಜಪುರದ ಕಡೆಯಿಂದ ಇಲ್ಲಿಗೆ ಪುಟ್ಟ ಟ್ರಾಮ್ ರೈಲು ಓಡುತ್ತಿತ್ತು. ನಾವು ಉಳಿದ ನೆಂಟರ ಮನೆಯ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗಿ, ಭುಜ ಕೊಟ್ಟು ತಳ್ಳಬೇಕಂತೆ. ಬೇಸಿಗೆಯಲ್ಲಿ ಅದೇ ಬಾಗಿಲಿನ ಸಂದಿನಿಂದ ಬೆಳಕು ಇಣುಕುತ್ತದೆ. ಮರ ತೇವ ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಅದಕ್ಕೇ ಹಳೆಯ ಬಡಗಿಗಳು ಬಾಗಿಲಿನ ನಡುವಿನ ಹಲಗೆಯನ್ನು ಚೌಕಟ್ಟಿನ ಗಾಡಿಯಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸುತ್ತಿದ್ದರು. ಆ ಜಾಗಕ್ಕೆ ಗಟ್ಟಿ ಪುಟ್ಟಿ ತುಂಬಿದರೆ ಮಳೆಗಾಲದಲ್ಲಿ ಹಲಗೆಗೆ ಹಿಗ್ಗಲು ಎಡೆಯಿಲ್ಲ, ಬೇಸಿಗೆಯಲ್ಲಿ ಪುಟ್ಟಿ ಬಿರಿದು ಉದುರುತ್ತದೆ.

ಅಲ್ಲಿಂದ ಅಮೃತಾಪುರಕ್ಕೆ ಹೋದೆವು. ಹೊಯ್ಸಳ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವದು. ಗೋಡೆಯ ರಾಮಾಯಣದ ಶಿಲ್ಪಗಳನ್ನು ನೋಡುತ್ತ ಮೊಮ್ಮಗಳು ಕಲ್ಲುಗಳ ನಡುವೆ ಬೆರಳಾಡಿಸಿದಳು. "ಇಲ್ಲಿ ಪುಟ್ಟಿ ಹಾಕಿಲ್ಲ ಅಜ್ಜಾ!" ಎಂದಳು. ಕಲ್ಲು ಮರದಷ್ಟು ಹಿಗ್ಗಿ ಕುಗ್ಗುವುದಿಲ್ಲ, ಹಾಗಾಗಿ ಅಷ್ಟು ಬಿಗಿಯಾಗಿ ಕೂರಿಸಬಹುದು ಎಂದೆ.

ಅಜ್ಜಂಪುರ ಅಮೃತಮಹಲ್ ದನಗಳ ತಳಿ ಕೇಂದ್ರದಿಂದ ಹೆಸರಾದ ಊರು. ತಂಗಿಯ ಮನೆ ತಲುಪಿದವನೇ ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತ ಬಂದೆ. ಮೇಲೆಲ್ಲ ಗಟ್ಟಿ ಸದ್ದು. ಚೌಕಟ್ಟಿನ ಬುಡದಲ್ಲಿ ಮಾತ್ರ ಡೊಳ್ಳು. ಹಿಂದೆ ಯಾರೋ ಅಲ್ಲಿ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಕೆರೆದಾಗ ಒಳಗೆ ಗೆದ್ದಲಿನ ಮಣ್ಣು! ತಂಗಿಯ ಮುಖ ಸಣ್ಣಗಾಯಿತು. ಅಳಿಯ "ನಾನು ಹೇಳಲಿಲ್ವಾ ಮಾವ?" ಎಂದ.

ಸ್ಥಳೀಯ ಬಡಗಿಯನ್ನು ಕರೆಸಿದೆವು. ಅವರು ಎರಡೂ ಕಡೆ ಬುಡದಿಂದ ಒಂದು ಗೇಣು ಕತ್ತರಿಸಿದರು. ಮೇಲಿನ ಮರ ಚೊಕ್ಕವಾಗಿತ್ತು. ಗೆದ್ದಲಿನ ಔಷಧಿ ಹಾಕಿ, ಹೊಸ ತೇಗದ ತುಂಡನ್ನು ಓರೆಯಾಗಿ ಕೆತ್ತಿ ಬೆಸೆದರು. ಗೋಡೆ, ಚೌಕಟ್ಟುಗಳ ನಡುವಿನ ಸಂದಿಗೆ ರಬ್ಬರಿನಂತೆ ಎಳೆದಾಡುವ ಅಕ್ರಿಲಿಕ್ ಸೀಲೆಂಟನ್ನು ಟ್ಯೂಬಿನಿಂದ ಹಿಂಡಿ, ಒದ್ದೆ ಬೆರಳಿನಿಂದ ಸವರಿದರು. ಸಿಲಿಕಾನ್ ಆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲವಂತೆ. ನಡುವಿನ ಹಲಗೆಯ ಸಂದನ್ನು ಹಾಗೆಯೇ ಬಿಟ್ಟರು.

ಕೊನೆಗೆ "ಬೆಸುಗೆಯ ಗೆರೆ ಕಾಣದ ಹಾಗೆ ಮುಚ್ಚಲಾ ತಾಯಿ?" ಎಂದು ಕೇಳಿದರು.

"ನೀರು ಇಳಿಯದ ಹಾಗೆ ತುಂಬಿ ಸಾಕು, ಬಣ್ಣ ಬೇಡ. ಮತ್ತೆ ಗೆದ್ದಲು ಬಂದ್ರೆ ನಮಗೆ ಕಾಣ್ಬೇಕು" ಎಂದಳು ತಂಗಿ.

ಹಳೇ ಮರದವರಿಗೆ ಬಾಗಿಲು ಕೊಡುವುದಿಲ್ಲವೆಂದು ಫೋನು ಮಾಡಿದವನು ಅಳಿಯನೇ. ನಿಮ್ಮ ಮನೆಯ ಬಾಗಿಲ ಬುಡವನ್ನೂ ಒಮ್ಮೆ ತಟ್ಟಿ ನೋಡಿ, ಮಕ್ಕಳೇ. ಡೊಳ್ಳು ಸದ್ದು ಬಂದರೆ ಪುಟ್ಟಿ ತರುವ ಮೊದಲು ಅಜ್ಜ, ಅಜ್ಜಿಯನ್ನು ಕರೆಯಿರಿ.