ಮರಳುಗಾಡಿಗೂ ಬೆಂಕಿಯ ಭಯ

ಮರಳುಗಾಡಿನಲ್ಲಿ ಉರಿಯುವುದಕ್ಕೆ ಏನಿದೆ ಎಂದು ಕೇಳುವವರು ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ಜಿಲ್ಲೆಯನ್ನು ಒಮ್ಮೆ ನೋಡಬೇಕು. ಲಾಸ್ ಏಂಜಲಿಸ್ ನಗರದ ಪೂರ್ವಕ್ಕೆ, ನೆವಾಡ ಮತ್ತು ಅರಿಜೋನಗಳ ಎಲ್ಲೆಯವರೆಗೆ ಸುಮಾರು 52,000 ಚದರ ಕಿಲೊಮೀಟರ್ ಹಬ್ಬಿದ ಈ ಜಿಲ್ಲೆಯ ಬಹುಭಾಗ ಮೊಹಾವಿ ಮರುಭೂಮಿ.

ತೋಳುಗಳನ್ನು ಆಕಾಶಕ್ಕೆತ್ತಿ ನಿಂತ ಜೋಶುವಾ ಮರಗಳು, ಕುಳ್ಳು ಪೊದೆಗಳು, ಪೊದೆಗೂ ಪೊದೆಗೂ ನಡುವೆ ಬರಿಯ ನೆಲ—ಇದು ಇಲ್ಲಿನ ಸಹಜವಾದ ಚೆಲುವು. ಹಿಂದೆ ಪೊದೆಗೆ ಸಿಡಿಲೆರಗಿದರೆ ಸಾಮಾನ್ಯವಾಗಿ ಬೆಂಕಿ ದೂರ ಹೋಗದೆ ತಾನಾಗಿ ಆರುತ್ತಿತ್ತು. ಆ ಬರಿನೆಲವೇ ನಾಡಿಗೆ ಕೋಟೆ. ಹೊರದೇಶಗಳಿಂದ ಬಂದ ಬ್ರೋಮ್ ಜಾತಿಯ ಹುಲ್ಲು ಆ ಕೋಟೆಯನ್ನು ಒಡೆಯಿತು. ಚಳಿಗಾಲದಲ್ಲಿ ಮಳೆ ಚೆನ್ನಾಗಿ ಸುರಿದರೆ ಹುಲ್ಲು ಹುಲುಸಾಗಿ ಬೆಳೆದು, ಬೇಸಗೆಯಲ್ಲಿ ಒಣಗಿ, ಬೆಂಕಿಗೆ ಸೇತುವೆಯಾಗುತ್ತದೆ. ಮಳೆಯೇ ಬೆಂಕಿಯನ್ನು ತರುವ ವಿಚಿತ್ರ ಸೀಮೆಯಿದು!

2020ರ ಆಗಸ್ಟ್ ತಿಂಗಳಿನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಸೀಮಾ ಡೋಮ್ ಎಂಬ ದಿಬ್ಬದ ಸುತ್ತ 43,000 ಎಕರೆಗಳನ್ನು ಸುಟ್ಟಿತು. ಸತ್ತ ಜೋಶುವಾ ಮರಗಳು 10 ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಬಳಿಕ ಸ್ವಯಂಸೇವಕರು ಒಂಟೆಗಳ ಬೆನ್ನ ಮೇಲೆ ಸಸಿಗಳನ್ನು ಹೊರಿಸಿ ತಂದು ನೆಟ್ಟರು, ಹಲವು ಬಾಡಿದವು. 2023ರ ಯಾರ್ಕ್ ಬೆಂಕಿ 93,000 ಎಕರೆಗಳನ್ನು ನುಂಗಿ ನೆವಾಡಕ್ಕೂ ದಾಟಿತು. ವರ್ಷಕ್ಕೆ ಕೆಲವೇ ಅಂಗುಲ ಬೆಳೆಯುವ ಮರ ಮರಳಿ ಬರುವುದೆಂದಿಗೆ?

ಇಂಥಲ್ಲಿ ಮನೆ ಕಟ್ಟಿದವರು ಕೆಲವು ಕಟ್ಟಳೆಗಳನ್ನು ಪಾಲಿಸಲೇಬೇಕು. ಕಾಡುಬೆಂಕಿಯ ಅಪಾಯವಿರುವ ಪ್ರದೇಶಗಳಲ್ಲಿ ಮನೆಯ ಸುತ್ತ 100 ಅಡಿಗಳವರೆಗೆ ಒಣಗಿಡಗಳನ್ನು ತೆಗೆದು, ಒಣಹುಲ್ಲನ್ನು 4 ಅಂಗುಲಕ್ಕೆ ಇಳಿಸಬೇಕು. ಸೂರಿನ ಮೇಲೆ ತರಗೆಲೆ ಉಳಿಯಬಾರದು. ಸೌದೆಯ ರಾಶಿ ಗೋಡೆಗೆ ಒರಗಿರಬಾರದು. ಗಾಳಿಗೆ ಉರುಳಿಬಂದು ಬೇಲಿಗೆ ಒಟ್ಟಿಕೊಳ್ಳುವ ಮುಳ್ಳುಗಿಡಗಳನ್ನು ಆಗಾಗ್ಗೆ ಸಾಗಿಸಬೇಕು. ಜಿಲ್ಲೆಯ ನೇರ ಆಡಳಿತಕ್ಕೆ ಸೇರಿದ ನೆಲದಲ್ಲಿ ಪಟಾಕಿ ನಿಷಿದ್ಧ. ಹುಲ್ಲು ಕತ್ತರಿಸುವ ಯಂತ್ರವನ್ನು ಬೆಳಗಿನ 10 ಗಂಟೆಯೊಳಗೇ, ಗಾಳಿಯಿಲ್ಲದಾಗ ನಡೆಸಿರೆಂದು ಅಗ್ನಿಶಾಮಕರ ಬುದ್ಧಿಮಾತು. ಅದರ ಅಲಗು ಕಲ್ಲಿಗೆ ತಾಗಿ ಹಾರುವ ಒಂದು ಕಿಡಿಯೇ ಸಾಕು.

ಹಾಗೆಂದು ಎಲ್ಲವನ್ನೂ ಸವರಿಹಾಕುವಂತಿಲ್ಲ. ಜೋಶುವಾ ಮರವನ್ನು ಅನುಮತಿಯಿಲ್ಲದೆ ಕಡಿಯುವುದು 2023ರ ರಾಜ್ಯ ಕಾನೂನಿನಂತೆ ಅಪರಾಧ. ನೆಲವನ್ನು ಕೆದಕಿ ಬೋಳಾಗಿಸಿದಲ್ಲಿ ಧೂಳೇಳುತ್ತದೆ. ಅದೇ ಪರದೇಶಿ ಹುಲ್ಲು ಮತ್ತೆ ಬೇರೂರುತ್ತದೆ. ಹುಲ್ಲನ್ನು ಕಳೆದು ಮರವನ್ನು ಉಳಿಸಬೇಕು. ಮರುಭೂಮಿ ತನಗಾಗಿ ಇಟ್ಟುಕೊಂಡಿದ್ದ ಬರಿನೆಲವನ್ನು ಅದಕ್ಕೆ ಮರಳಿ ಕೊಡುವುದೇ ಈ ಕಟ್ಟಳೆಗಳೆಲ್ಲದರ ತಿರುಳು.