ನಲವತ್ತೈದು ಸೆಕೆಂಡಿನ ಮಾತು

ಆಸ್ಕರ್ ಸಮಾರಂಭವನ್ನು ಟಿ.ವಿ.ಯಲ್ಲಿ ನೋಡುವವರ ದೂರುಗಳಲ್ಲಿ ಎಲ್ಲಕ್ಕಿಂತ ಹಳೆಯದು 'ತುಂಬಾ ಎಳೀತಾರೆ' ಎಂಬುದು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. 1929ರ ಮೇ 16ರಂದು ಹಾಲಿವುಡ್ಡಿನ ರೂಸ್‌ವೆಲ್ಟ್ ಹೋಟೆಲಿನಲ್ಲಿ ಮೊದಲ ಸಲ ಪ್ರಶಸ್ತಿ ಹಂಚಿದಾಗ ಕಾಲು ಗಂಟೆಯಲ್ಲಿ ಕೆಲಸ ಮುಗಿದಿತ್ತು. ಗೆದ್ದವರ ಹೆಸರು ಮೂರು ತಿಂಗಳ ಹಿಂದೆಯೇ ಪ್ರಕಟವಾಗಿದ್ದರಿಂದ ಕಾತರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 2002ರಲ್ಲಿ ಅದೇ ಸಮಾರಂಭ 4 ಗಂಟೆ 23 ನಿಮಿಷ ನಡೆಯಿತು. 'ಲಗಾನ್' ಕಣದಲ್ಲಿದ್ದ ವರ್ಷ ಅದು. ವಿದೇಶಿ ಭಾಷಾ ಚಿತ್ರದ ಪ್ರಶಸ್ತಿ ಬೋಸ್ನಿಯಾದ 'ನೋ ಮ್ಯಾನ್ಸ್ ಲ್ಯಾಂಡ್' ಪಾಲಾಯಿತು. ಆ ಒಂದು ಲಕೋಟೆ ಒಡೆಯುವವರೆಗೆ ಭಾರತದ ವೀಕ್ಷಕರಿಗೆ ಸಮಾರಂಭ ಉದ್ದವೆನಿಸಿರಲಾರದು.

ಕಾಲು ಗಂಟೆಯ ಕಾರ್ಯಕ್ರಮ ಹೀಗೆ ಬೆಳೆದದ್ದರಲ್ಲಿ ಟಿ.ವಿ.ಯ ಪಾಲು ದೊಡ್ಡದು. ಐವತ್ತರ ದಶಕದ ಆರಂಭದಲ್ಲಿ ಸ್ಟುಡಿಯೊಗಳು ಸಮಾರಂಭದ ಖರ್ಚಿಗೆ ಹಣ ಕೊಡಲು ಹಿಂದೇಟು ಹಾಕಿದವು. ಚಿತ್ರಮಂದಿರಗಳ ಪ್ರೇಕ್ಷಕರನ್ನು ಕಸಿಯುತ್ತಿದೆ ಎಂದು ಚಿತ್ರರಂಗ ಶಪಿಸುತ್ತಿದ್ದ ಟಿ.ವಿ.ಯೇ ಆಗ ಕೈ ಹಿಡಿಯಿತು. 1953ರ ಮಾರ್ಚ್ 19ರಂದು ಎನ್‌ಬಿಸಿ ಮೊದಲ ನೇರಪ್ರಸಾರ ಮಾಡಿತು. ಲಾಸ್ ಏಂಜಲೀಸ್‌ನ ಪ್ಯಾಂಟೇಜಸ್ ಚಿತ್ರಮಂದಿರದಲ್ಲಿ ಬಾಬ್ ಹೋಪ್, ನ್ಯೂಯಾರ್ಕಿನಲ್ಲಿ ಫ್ರೆಡ್ರಿಕ್ ಮಾರ್ಚ್ ನಿರೂಪಿಸುತ್ತಿದ್ದರು; ಕ್ಯಾಮೆರಾ ಎರಡು ಊರುಗಳ ನಡುವೆ ಓಡಾಡುತ್ತಿತ್ತು. ಆ ರಾತ್ರಿ 'ಹೈ ನೂನ್' ಸೋತು 'ದ ಗ್ರೇಟೆಸ್ಟ್ ಶೋ ಆನ್ ಅರ್ತ್' ಶ್ರೇಷ್ಠ ಚಿತ್ರವಾಯಿತು. ಆ ತೀರ್ಪನ್ನು ಒಪ್ಪದವರು ಇಂದಿಗೂ ಇದ್ದಾರೆ. ಮನೆಯಲ್ಲಿ ಕೂತವರು ತೀರ್ಪುಗಾರರ ಮೇಲೆ ತೀರ್ಪು ಕೊಡುವ ಪದ್ಧತಿ ಟಿ.ವಿ. ಬಂದ ಮೊದಲ ರಾತ್ರಿಯಿಂದಲೇ ಶುರುವಾಯಿತೆನ್ನಬಹುದು.

ಈ ತೀರ್ಪುಗಳನ್ನು ಹಗುರವಾಗಿ ನೋಡುವುದು ತಪ್ಪು. ಸಮಾರಂಭ ನಡೆಯುವುದೇ ಪ್ರಸಾರದ ಹಣದಲ್ಲಿ. ಆ ಹಣ ಬರುವುದು ಜಾಹೀರಾತಿನಿಂದ. ಜಾಹೀರಾತಿಗೆ ಬೆಲೆ ಬರುವುದು ನೋಡುವ ಕಣ್ಣುಗಳಿಂದ. ವೀಕ್ಷಕ ಬೇಸರ ಪಟ್ಟರೆ ಪ್ರಶಸ್ತಿ ಕೊಡುವ ಅಕಾಡೆಮಿ ತಲೆ ಕೆಡಿಸಿಕೊಳ್ಳಲೇಬೇಕು. ಆದರೆ 'ಎಳೀತಾರೆ' ಎಂದು ವೀಕ್ಷಕ ಹೇಳಿದಾಗಲೆಲ್ಲ ಅಕಾಡೆಮಿ ಕತ್ತರಿ ಹಿಡಿದು ಹೋದದ್ದು ಬಹುಪಾಲು ತಪ್ಪು ಜಾಗಕ್ಕೆ. ಹಾಡು ಕುಣಿತ ಉಳಿದವು, ನಿರೂಪಕರ ಚಟಾಕಿಗಳು ಉಳಿದವು, ಜಾಹೀರಾತಂತೂ ಉಳಿಯಲೇಬೇಕು. ಗೆದ್ದವರು ಮಾತಾಡುವ ಹೊತ್ತಿಗೆ ಮಾತ್ರ ಗಡಿಯಾರ ನೋಡಿದರು. ವಿಜೇತರಿಗೆ ನಲವತ್ತೈದು ಸೆಕೆಂಡು. ದಾಟಿದರೆ ವಾದ್ಯವೃಂದ ನುಡಿಸತೊಡಗುತ್ತದೆ, ಅಂದರೆ ಇಳಿಯಬೇಕು.

2023ರ ಮಾರ್ಚ್ 13, ಸೋಮವಾರ. ಅಮೆರಿಕದಲ್ಲಿ ಭಾನುವಾರ ಸಂಜೆ, ಇಲ್ಲಿ ಬೆಳಗಿನ ಐದೂವರೆ. ಆಫೀಸಿಗೆ ಹೊರಡುವ ಮುಂಚಿನ ಆ ಹೊತ್ತಿನಲ್ಲಿ ಎದ್ದು ನೋಡಿದ ಭಾರತೀಯರಿಗೆ ಸಂಭ್ರಮಿಸಲು ಎರಡು ಗೆಲುವು ಸಿಕ್ಕವು. ಒಂದು 'ಆರ್‌ಆರ್‌ಆರ್' ಚಿತ್ರದ 'ನಾಟು ನಾಟು'. ಅದನ್ನು ವೇದಿಕೆಯಲ್ಲಿ ಪರಿಚಯಿಸಿದವರು ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ. ಚಿತ್ರದ ನಿರ್ದೇಶಕ ರಾಜಮೌಳಿ ಹುಟ್ಟಿದ್ದು ರಾಯಚೂರು ಜಿಲ್ಲೆಯಲ್ಲಿ. ರಾಹುಲ್ ಸಿಪ್ಲಿಗಂಜ್ ಮತ್ತು ಕಾಲಭೈರವ ಹಾಡಿ ಮುಗಿಸಿದಾಗ ಸಭಾಂಗಣ ಎದ್ದು ನಿಂತಿತು. ಅಷ್ಟಾದರೂ ವೀಕ್ಷಕರ ಕಣ್ಣು ತಪ್ಪಿದ್ದು ಕಡಿಮೆ. ಕುಣಿದವರ ಸಾಲಿನಲ್ಲಿ ದಕ್ಷಿಣ ಏಷ್ಯಾ ಮೂಲದವರು ಯಾಕಿಲ್ಲ ಎಂದು ಅಮೆರಿಕದಲ್ಲಿರುವ ಭಾರತೀಯ ನೃತ್ಯ ಕಲಾವಿದರೇ ಕೇಳಿದರು. ತೆಲುಗು ಚಿತ್ರವನ್ನು ಬಾಲಿವುಡ್ ಎಂದು ಕರೆದದ್ದಕ್ಕೆ ದಕ್ಷಿಣದವರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ. ಭಾರತದ ಸಿನಿಮಾ ಎಂದರೆ ಮುಂಬೈ ಒಂದೇ ಎಂಬ ತಿಳಿವಳಿಕೆಯಿಂದ ಕನ್ನಡ ಚಿತ್ರಗಳೂ ಸಾಕಷ್ಟು ಅನುಭವಿಸಿವೆ.

ಇನ್ನೊಂದು ಗೆಲುವು 'ದ ಎಲಿಫೆಂಟ್ ವಿಸ್ಪರರ್ಸ್' ಸಾಕ್ಷ್ಯಚಿತ್ರದ್ದು. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವವರು ಬಂಡೀಪುರ ದಾಟಿ ಮುದುಮಲೈ ಹೊಕ್ಕರೆ ತೆಪ್ಪಕಾಡು ಆನೆ ಬಿಡಾರ ಸಿಗುತ್ತದೆ. ತಾಯಿ ಕಳೆದುಕೊಂಡ ರಘು ಎಂಬ ಮರಿಯಾನೆಯನ್ನು ಅಲ್ಲಿ ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ಕಥೆ ಅದು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತಾಡಿ ಮುಗಿಸಿದರು. ನಿರ್ಮಾಪಕಿ ಗುನೀತ್ ಮೋಂಗಾ ಮೈಕಿನ ಹತ್ತಿರ ಬಂದರು. ಅಷ್ಟರಲ್ಲಿ ವಾದ್ಯ ಮೊಳಗಿತು. ಅವರ ಮುಖದ ಮೇಲೆ ಒಂದು ಕ್ಷಣ ಮೂಡಿದ ಗಲಿಬಿಲಿಯನ್ನು ಇಲ್ಲಿ ಟಿ.ವಿ. ಮುಂದೆ ಕೂತವರು ಕಂಡರು. ಇದು ಭಾರತದ ನಿರ್ಮಾಣವೊಂದಕ್ಕೆ ಬಂದ ಮೊದಲ ಆಸ್ಕರ್ ಎಂದು ಹೇಳಬೇಕೆಂದಿದ್ದೆ ಎಂದು ಅವರು ಆಮೇಲೆ ಸಂದರ್ಶನಗಳಲ್ಲಿ ತಿಳಿಸಿದರು. ಆ ಒಂದು ವಾಕ್ಯಕ್ಕೆ ಬೇಕಿದ್ದದ್ದು ಎಷ್ಟು ಹೊತ್ತು? ಭಾಷಣ ಉದ್ದವಾದರೆ 'ಆರ್‌ಆರ್‌ಆರ್' ನರ್ತಕರು ಬಂದು ಕುಣಿಯುತ್ತಾ ಕೆಳಗಿಳಿಸುತ್ತಾರೆ ಎಂದು ನಿರೂಪಕ ಜಿಮ್ಮಿ ಕಿಮ್ಮೆಲ್ ಅದೇ ಸಂಜೆ ತಮಾಷೆ ಮಾಡಿದ್ದರು. ಆ ತಮಾಷೆಗೂ ನರ್ತಕರನ್ನು ಕರೆಸಿ ಕುಣಿಸುವುದಕ್ಕೂ ಸಮಯವಿತ್ತು.

ಸೆಕೆಂಡುಗಳ ಈ ಲೆಕ್ಕ ಹಳೆಯದು. 1973ರಲ್ಲಿ 'ಗಾಡ್‌ಫಾದರ್' ಪಾತ್ರಕ್ಕೆ ಮಾರ್ಲನ್ ಬ್ರಾಂಡೊ ಗೆದ್ದಾಗ ಅವರ ಪರವಾಗಿ ಸಚೀನ್ ಲಿಟ್ಲ್‌ಫೆದರ್ ವೇದಿಕೆ ಹತ್ತಿ, ರೋಜರ್ ಮೂರ್ ಚಾಚಿದ ಪ್ರತಿಮೆಯನ್ನು ಅಂಗೈ ತೋರಿಸಿ ನಿರಾಕರಿಸಿದರು. ಬ್ರಾಂಡೊ ಬರೆದ ದೀರ್ಘ ಭಾಷಣ ಅವರ ಕೈಯಲ್ಲಿತ್ತು. ಅರವತ್ತು ಸೆಕೆಂಡಿಗಿಂತ ಹೆಚ್ಚು ಮಾತಾಡಕೂಡದೆಂದು ನಿರ್ಮಾಪಕರು ತಾಕೀತು ಮಾಡಿದ್ದರು. ಅಮೆರಿಕದ ಮೂಲನಿವಾಸಿಗಳನ್ನು ಸಿನಿಮಾ ನಡೆಸಿಕೊಂಡ ರೀತಿಯನ್ನು ಅವರು ಚುಟುಕಾಗಿ ಹೇಳಿದರು. ಸಭೆಯಲ್ಲಿ ಅರ್ಧ ಚಪ್ಪಾಳೆ, ಅರ್ಧ ಧಿಕ್ಕಾರ. ಉಳಿದ ಭಾಷಣವನ್ನು ತೆರೆಮರೆಯಲ್ಲಿ ಪತ್ರಕರ್ತರ ಮುಂದೆ ಓದಿದರು. ಆ ರಾತ್ರಿಯ ನಡವಳಿಕೆಗೆ ಅಕಾಡೆಮಿ ಕ್ಷಮೆ ಕೇಳಿದ್ದು 2022ರಲ್ಲಿ, ಅವರು ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ. ಅವರ ಸಾವಿನ ನಂತರ ಅವರ ಮೂಲದ ಬಗ್ಗೆಯೇ ವಿವಾದ ಎದ್ದಿತು. ಏನೇ ಇರಲಿ, ಆ ವರ್ಷದ ಸಮಾರಂಭದಿಂದ ಜನ ಈಗಲೂ ನೆನಪಿಟ್ಟುಕೊಂಡಿರುವುದು ಆ ಒಂದು ನಿಮಿಷವನ್ನು.

2020ರಲ್ಲಿ ಇನ್ನೊಂದು ಬಗೆಯ ಘಟನೆ ನಡೆಯಿತು. ಇಂಗ್ಲಿಷಲ್ಲದ ಭಾಷೆಯ ಚಿತ್ರವೊಂದು, ಕೊರಿಯಾದ 'ಪ್ಯಾರಸೈಟ್', ಮೊದಲ ಬಾರಿ ಶ್ರೇಷ್ಠ ಚಿತ್ರವಾಯಿತು. ಒಬ್ಬ ನಿರ್ಮಾಪಕಿ ಮಾತಾಡಿದ ಮೇಲೆ ವೇದಿಕೆಯ ದೀಪ ಮಂಕಾಯಿತು. ಮುಂದಿನ ಸಾಲಿನಲ್ಲಿದ್ದ ಟಾಮ್ ಹ್ಯಾಂಕ್ಸ್, ಶಾರ್ಲೀಜ್ ಥೆರಾನ್ ಮೊದಲಾದವರು ಕೈ ಮೇಲೆತ್ತಿ, ದೀಪ ಹಚ್ಚಿ ಎಂದು ಕೂಗಿದರು. ದೀಪ ಹತ್ತಿತು, ಚಿತ್ರತಂಡದ ಮಿಕಿ ಲೀ ಮುಂದೆ ಬಂದು ಮಾತಾಡಿದರು. ಸಭೆಯಲ್ಲಿದ್ದವರು ಮನೆಯಲ್ಲಿದ್ದವರ ಪರವಾಗಿ ಒಮ್ಮೆ ಬಾಯಿಬಿಟ್ಟದ್ದರಿಂದ ಆ ಹೊತ್ತು ಉಳಿಯಿತು.

ಮಾತಿಗೆ ಕತ್ತರಿ ಹಾಕಿದ್ದು ಸಾಲದೆಂದು ಅಕಾಡೆಮಿ ವಿಭಾಗಗಳಿಗೂ ಕೈ ಹಾಕಿತು. 2019ರ ಫೆಬ್ರುವರಿಯಲ್ಲಿ ಛಾಯಾಗ್ರಹಣ, ಸಂಕಲನ, ಪ್ರಸಾಧನ-ಕೇಶವಿನ್ಯಾಸ, ಕಿರುಚಿತ್ರ ಈ ನಾಲ್ಕು ಪ್ರಶಸ್ತಿಗಳನ್ನು ಜಾಹೀರಾತಿನ ಬಿಡುವಿನಲ್ಲಿ ಕೊಡುವುದಾಗಿ ಹೇಳಿತು. ಕ್ಯಾಮೆರಾ ಮತ್ತು ಸಂಕಲನವನ್ನು ತೆಗೆದಿಟ್ಟರೆ ಸಿನಿಮಾದಲ್ಲಿ ಏನುಳಿಯುತ್ತದೆ? ಮಾರ್ಟಿನ್ ಸ್ಕಾರ್ಸೆಸಿಯಂಥವರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು, ಚಿತ್ರಪ್ರೇಮಿಗಳು ದನಿಗೂಡಿಸಿದರು, ಕೆಲವೇ ದಿನಗಳಲ್ಲಿ ನಿರ್ಧಾರ ಬಿದ್ದುಹೋಯಿತು. 'ರೋಮಾ' ಚಿತ್ರಕ್ಕೆ ಆಲ್ಫಾನ್ಸೊ ಕ್ವಾರೋನ್ ಛಾಯಾಗ್ರಹಣದ ಪ್ರಶಸ್ತಿ ಪಡೆದದ್ದು ಅದೇ ವರ್ಷ. ಮೊದಲಿನ ಯೋಜನೆ ನಡೆದಿದ್ದರೆ ಅವರು ಅದನ್ನು ಸ್ವೀಕರಿಸುವಾಗ ಟಿ.ವಿ.ಯಲ್ಲಿ ಯಾವುದೋ ಕಾರಿನ ಜಾಹೀರಾತು ಓಡುತ್ತಿತ್ತು. ಒಂದನ್ನೂ ಬಿಡದೆ ಎಲ್ಲ ಪ್ರಶಸ್ತಿಗಳನ್ನು ತೋರಿಸಿದ, ನಿರೂಪಕರೇ ಇಲ್ಲದ ಆ ಸಮಾರಂಭವನ್ನು ಅಮೆರಿಕದಲ್ಲಿ 2.96 ಕೋಟಿ ಜನ ನೋಡಿದರು. ಹಿಂದಿನ ವರ್ಷ ನೋಡಿದವರು 2.65 ಕೋಟಿ.

ಇಷ್ಟು ಕಂಡ ಮೇಲೂ 2022ರಲ್ಲಿ ಎಂಟು ವಿಭಾಗಗಳನ್ನು ನೇರಪ್ರಸಾರಕ್ಕೆ ಮೊದಲೇ ಮುಗಿಸಿ, ತುಣುಕುಗಳನ್ನು ಮಾತ್ರ ಪ್ರಸಾರದಲ್ಲಿ ಸೇರಿಸಿದರು. ಜೇಮ್ಸ್ ಕ್ಯಾಮರಾನ್, ಜಾನ್ ವಿಲಿಯಮ್ಸ್ ಸೇರಿದಂತೆ ಎಪ್ಪತ್ತಕ್ಕೂ ಹೆಚ್ಚು ಮಂದಿ ವಿರೋಧಿಸಿ ಬರೆದ ಪತ್ರಕ್ಕೂ ಬೆಲೆ ಸಿಗಲಿಲ್ಲ. ಕಾರ್ಯಕ್ರಮ ಚಿಕ್ಕದಾಯಿತೇ ಎಂದರೆ ಅದೂ ಇಲ್ಲ. ಮೂರೂವರೆ ಗಂಟೆ ದಾಟಿತು. ವೀಕ್ಷಕರನ್ನು ಒಲಿಸಿಕೊಳ್ಳಲೆಂದು ಅದೇ ವರ್ಷ ಟ್ವಿಟರ್‌ನಲ್ಲಿ ಅಭಿಮಾನಿಗಳ ಮತದಾನವನ್ನೂ ಇಟ್ಟರು. ಒಬ್ಬರೇ ದಿನಕ್ಕೆ ಹಲವು ಬಾರಿ ಮತ ಹಾಕಬಹುದಿತ್ತು. ಸಂಘಟಿತ ಅಭಿಮಾನಿಗಳ ಬಲದಿಂದ 'ಆರ್ಮಿ ಆಫ್ ದ ಡೆಡ್' ಗೆದ್ದಿತು. ವೀಕ್ಷಕರ ಅಭಿಪ್ರಾಯ ಕೇಳುವ ರೀತಿ ಅದಲ್ಲ ಎಂದು ಅಕಾಡೆಮಿಗೂ ಅನಿಸಿರಬೇಕು, ಮರುವರ್ಷ ಮತದಾನವಿರಲಿಲ್ಲ. 2023ರಲ್ಲಿ ಇಪ್ಪತ್ತಮೂರು ವಿಭಾಗಗಳೂ ನೇರಪ್ರಸಾರಕ್ಕೆ ಮರಳಿದವು. ದೂರಿದವರು ಗೆದ್ದರು.

ಹಾಗೆಂದು ಮಾತಿಗೆ ಕಡಿವಾಣವಿಲ್ಲದಿದ್ದರೆ ಜನ ಮುಗಿಬಿದ್ದು ನೋಡುತ್ತಾರೆಂದಲ್ಲ. 2021ರಲ್ಲಿ, ಕೊರೋನಾ ನಡುವೆ, ಯೂನಿಯನ್ ಸ್ಟೇಷನ್ ರೈಲು ನಿಲ್ದಾಣದಲ್ಲಿ ನಡೆದ ಸಮಾರಂಭದಲ್ಲಿ ವಿಜೇತರನ್ನು ವಾದ್ಯ ನುಡಿಸಿ ಇಳಿಸಲಿಲ್ಲ. ಡೆನ್ಮಾರ್ಕಿನ ನಿರ್ದೇಶಕ ಥಾಮಸ್ ವಿಂಟರ್‌ಬರ್ಗ್, ಪ್ರಶಸ್ತಿ ಗೆದ್ದ ಚಿತ್ರದ ಚಿತ್ರೀಕರಣ ಆರಂಭವಾದ ನಾಲ್ಕೇ ದಿನಕ್ಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡ ತಮ್ಮ ಮಗಳನ್ನು ನೆನೆದು ಮಾತಾಡಿದ್ದು ಆ ರಾತ್ರಿಯೇ. ಆ ಮಾತನ್ನು ಯಾರೂ ತಡೆಯಲಿಲ್ಲವಲ್ಲ ಎಂಬುದೇ ದೊಡ್ಡ ಸಮಾಧಾನ. ಆದರೂ ಅಮೆರಿಕದಲ್ಲಿ ನೋಡಿದವರು ಒಂದು ಕೋಟಿ ಚಿಲ್ಲರೆ ಮಾತ್ರ. ಚಿತ್ರಮಂದಿರಗಳು ಮುಚ್ಚಿದ್ದವು, ಸ್ಪರ್ಧೆಯಲ್ಲಿದ್ದ ಚಿತ್ರಗಳನ್ನು ಹೆಚ್ಚಿನವರು ನೋಡಿರಲಿಲ್ಲ, ದೃಶ್ಯದ ತುಣುಕುಗಳನ್ನೂ ಸರಿಯಾಗಿ ತೋರಿಸಲಿಲ್ಲ. ಚಾಡ್ವಿಕ್ ಬೋಸ್‌ಮನ್‌ಗೆ ಮರಣೋತ್ತರ ಪ್ರಶಸ್ತಿ ಬರುತ್ತದೆಂಬ ನಿರೀಕ್ಷೆಯಲ್ಲಿ ಶ್ರೇಷ್ಠ ನಟನ ಘೋಷಣೆಯನ್ನು ಕೊನೆಗಿಟ್ಟರೆಂದು ಎಲ್ಲರೂ ಭಾವಿಸಿದ್ದರು. ಗೆದ್ದವರು ಆಂಥೊನಿ ಹಾಪ್ಕಿನ್ಸ್, ಅವರು ಬಂದೇ ಇರಲಿಲ್ಲ. ಕಾರ್ಯಕ್ರಮ ತಟ್ಟನೆ ಮುಗಿದುಹೋಯಿತು.

ಅತಿ ಹೆಚ್ಚು ಜನ ನೋಡಿದ್ದು 1998ರಲ್ಲಿ. 'ಟೈಟಾನಿಕ್' ಹನ್ನೊಂದು ಪ್ರಶಸ್ತಿ ಬಾಚಿದ ಆ ರಾತ್ರಿ ಅಮೆರಿಕದಲ್ಲೇ ಐದೂವರೆ ಕೋಟಿಗೂ ಹೆಚ್ಚು ಮಂದಿ ಟಿ.ವಿ. ಮುಂದಿದ್ದರು. ಅಂದೂ ಕಾರ್ಯಕ್ರಮ ಮೂರು ಗಂಟೆಯನ್ನು ಎಂದೋ ದಾಟಿತ್ತು. ರಾತ್ರಿಯಿಡೀ ಯಕ್ಷಗಾನ ನೋಡುವ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪ್ರಸಂಗ ಗೊತ್ತಿದ್ದು, ಪಾತ್ರದ ಮೇಲೆ ಮನಸ್ಸಿದ್ದರೆ ಬೆಳಗಾದದ್ದೇ ತಿಳಿಯುವುದಿಲ್ಲ.

ಮನಸ್ಸಿಟ್ಟವರಿಗೆ ನೋವೂ ಹೆಚ್ಚು. ಅಗಲಿದವರನ್ನು ನೆನೆಯುವ ಕೆಲವು ನಿಮಿಷಗಳಿಗೆ ಬರುವಷ್ಟು ಆಕ್ಷೇಪ ಬಹುಶಃ ಬೇರೆ ಯಾವುದಕ್ಕೂ ಬರುವುದಿಲ್ಲ. 2018ರಲ್ಲಿ ಶ್ರೀದೇವಿ, ಶಶಿ ಕಪೂರ್ ಅವರ ಮುಖ ಕಂಡು ಭಾರತೀಯರು ಕಣ್ಣು ಒದ್ದೆ ಮಾಡಿಕೊಂಡರು. 2022ರಲ್ಲಿ ಲತಾ ಮಂಗೇಶ್ಕರ್ ಮತ್ತು ದಿಲೀಪ್ ಕುಮಾರ್ ಇಬ್ಬರೂ ಕಾಣಲಿಲ್ಲ. ಅದೇ ವರ್ಷ ಬ್ರಿಟನ್ನಿನ ಬಾಫ್ಟಾ ಸಮಾರಂಭ ಲತಾ ಅವರನ್ನು ನೆನೆದಿತ್ತು. ಇಷ್ಟು ದೊಡ್ಡ ಹೆಸರುಗಳನ್ನು ಬಿಟ್ಟದ್ದಕ್ಕೆ ಯಾವ ಸಮಜಾಯಿಷಿಯೂ ಸಾಲದು.

ಕನ್ನಡದವರಿಗೆ ಈ ಮಾತುಗಳೆಲ್ಲ ಇನ್ನಷ್ಟು ಹತ್ತಿರ ಬಂದದ್ದು ಮೈಸೂರಿನಲ್ಲಿ ವೈದ್ಯಕೀಯ ಓದಿ ಸಿನಿಮಾ ಹಿಡಿದ ಚಿದಾನಂದ ನಾಯಕ್ ಅವರ ಕಿರುಚಿತ್ರದಿಂದ. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದು, ಸೂರ್ಯನೇ ಹುಟ್ಟದಂತಾಗುವ ಜನಪದ ಎಳೆಯ ಈ ಕನ್ನಡ ಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು, ಬಳಿಕ 2025ರ ಆಸ್ಕರ್‌ಗೆ ಹದಿನೈದು ಕಿರುಚಿತ್ರಗಳ ಪಟ್ಟಿಯವರೆಗೂ ಹೋಯಿತು. ಅಂತಿಮ ಐದರಲ್ಲಿ ಸೇರಲಿಲ್ಲ. 2019ರ ಯೋಜನೆಯಲ್ಲೂ 2022ರ ಎಂಟರಲ್ಲೂ ಮೊದಲು ಕತ್ತರಿಗೆ ಸಿಕ್ಕವುಗಳಲ್ಲಿ ಈ ಕಿರುಚಿತ್ರ ವಿಭಾಗವೂ ಇತ್ತು. ನಾಳೆ ಕನ್ನಡದ ಹುಡುಗನೋ ಹುಡುಗಿಯೋ ಆ ವೇದಿಕೆ ಹತ್ತಿದರೆ, ಅದು ನಡೆಯುವುದು ಬಹುಶಃ ಇಂಥ ಸಣ್ಣ ವಿಭಾಗದಲ್ಲೇ.

2028ರ ನೂರನೇ ಸಮಾರಂಭದವರೆಗೆ ಪ್ರಸಾರ ಎಬಿಸಿಯದ್ದು. 2029ರಿಂದ ಯೂಟ್ಯೂಬಿನಲ್ಲಿ, ಜಗತ್ತಿನೆಲ್ಲೆಡೆ ಉಚಿತವಾಗಿ ತೋರಿಸುವುದಾಗಿ 2025ರ ಡಿಸೆಂಬರಿನಲ್ಲಿ ಅಕಾಡೆಮಿ ಪ್ರಕಟಿಸಿದೆ. ಅಡಿಬರಹ, ಹಲವು ಭಾಷೆಗಳ ಧ್ವನಿ ಇರುತ್ತದೆಂದೂ ಹೇಳಿದೆ. ಚಾನೆಲ್ಲಿನ ಮುಂದಿನ ಕಾರ್ಯಕ್ರಮಕ್ಕೆ ಜಾಗ ಬಿಡಬೇಕೆಂಬ ನೆಪ ಅಲ್ಲಿ ನಡೆಯುವುದಿಲ್ಲ. ವಿಜೇತರಿಗೆ ಇನ್ನೊಂದು ನಿಮಿಷ ಸಿಗಬೇಕು, ಒಂದು ಚಿತ್ರದ ಇಬ್ಬರು ಬಂದರೆ ಇಬ್ಬರಿಗೂ ಮಾತು ಸಿಗಬೇಕು, ಆ ಹಲವು ಭಾಷೆಗಳಲ್ಲಿ ಕನ್ನಡವೂ ಇರಬೇಕು. ಎಂಟು ವಿಭಾಗಗಳನ್ನು ವಾಪಸು ತರಿಸಿದ ವೀಕ್ಷಕರು ಇಷ್ಟನ್ನು ಕೇಳಲು 2029ರವರೆಗೆ ಕಾಯಬೇಕಾಗಿಲ್ಲ.